ಮಗ್ಗಿಯೂ ಮನೆಮಾತೂ

12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಐಗಳ ಮಠಗಳಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು.

ಇಂತಹ ಕಂಠಪಾಠವನ್ನು ಯಾಂತ್ರಿಕವೆಂದು ಜರೆಯುವವರುಂಟು. ಅರ್ಥವರಿಯದ ಕಂಠಪಾಠ ಯಾಂತ್ರಿಕವೇ ಸರಿ. ಆದರೆ ಕನ್ನಡದ ಸಂಖ್ಯಾವಾಚಕಗಳಲ್ಲಿ ಅರ್ಥವು ಕೂಡಿಯೇ ಬಂದಿದೆ. 39ನ್ನು ‘ಮೂವತ್ತೊಂಬತ್ತು’ ಎಂದೊಡನೆ ಹತ್ತರ ಸ್ಥಾನವೂ ಬಿಡಿಯ ಸ್ಥಾನವೂ ಮಗುವಿನ ಕಿವಿಗೆ ಬೀಳುತ್ತವೆ. ಹಿಂದಿಯ ‘ಉನ್ತಾಲೀಸ್’, ಮರಾಠಿಯ ‘ಏಕೋಣಚಾಳೀಸ್’ ಎಂಬವು ನಲವತ್ತನ್ನು ನುಡಿಸಿ ಮೂವತ್ತನ್ನು ಬರೆಯಿಸುತ್ತವೆ. ಇದು ಆ ಭಾಷೆಗಳ ನಿಂದೆಯಲ್ಲ. ನಮ್ಮದರ ಸೌಲಭ್ಯದ ನೆನಪು.

ಆದುದರಿಂದ ದೆಹಲಿ, ಮುಂಬಯಿಗಳ ನಮ್ಮ ಮಕ್ಕಳು ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿತರೂ, ಮನೆಯಲ್ಲಿ ಮೊದಲು ಹುಣಿಸೆಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸಲಿ. ಬಳಿಕ ಮಗ್ಗಿಯನ್ನು ಕನ್ನಡದಲ್ಲಿ ಹೇಳಲಿ. ಹಬ್ಬದ ದಿನ ಮಾತ್ರ ಆಡುವ ಭಾಷೆ ಹೆಚ್ಚು ಕಾಲ ಬಾಳದು. ಲೆಕ್ಕ ಮಾಡುವ ಭಾಷೆ ಬಾಳುತ್ತದೆ.