ದುಂಡಸಿಯ ದಫ್ತರವೂ ಅಜ್ಜಿಯ ಹೆಸರೂ

ನಮ್ಮ ಶಾಲೆಯ ಮಾಜಿ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳಿಂದ ಸ್ಕಾಟ್ಲಂಡ ದೇಶದ ಒಂದು ಹಳ್ಳಿಯಲ್ಲಿ ಪತಿಯೊಡನೆ ವಾಸವಾಗಿರುವಳು. ಆಕೆಯ ತವರೂರು ಶಿಗ್ಗಾಂವಿ ತಾಲೂಕಿನ ದುಂಡಸಿ. ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳಿಸೆಂದು ನಾವು ಬರೆದಾಗ ಆಕೆ ಲೇಖನಕ್ಕೆ ಬದಲಾಗಿ ಒಂದು ಪ್ರಶ್ನೆಯನ್ನು ಕಳಿಸಿದಳು. ಆಕೆಯ ನೆರೆಮನೆಯ ಮುದುಕನು ಕುರಿ ಸಾಕುವವನು, ಹೆಚ್ಚು ಓದಿದವನಲ್ಲ. ಆದರೂ ತನ್ನ ಮನೆತನದ ಏಳು ತಲೆಗಳನ್ನೂ, ಆ ಏಳು ಮಂದಿಯ ಹೆಂಡಂದಿರ ತವರುಮನೆಯ ಹೆಸರುಗಳನ್ನೂ ಕಾಗದ ನೋಡದೆ ಹೇಳುವನಂತೆ. "ಬಾಯಿಯವರೇ, ನನ್ನ ಅಜ್ಜಿಯ ತಾಯಿಯ ಹೆಸರೇ ನನಗೆ ಗೊತ್ತಿಲ್ಲ. ಅದನ್ನು ದುಂಡಸಿಯಲ್ಲಿ ಎಲ್ಲಿ ಹುಡುಕಲಿ?" ಎಂದು ಆಕೆ ಕೇಳಿರುವಳು. ಆ ಅಜ್ಜಿಯೂ ನಮ್ಮ ಶಾಲೆಯಲ್ಲಿಯೇ ಕಲಿತವರು.

ಮೊದಲು ನಮ್ಮ ಬಾಯಿಗೆ ಬಂದ ಉತ್ತರವು ಎಲ್ಲರ ಬಾಯಿಗೂ ಬರತಕ್ಕದ್ದೇ: ನಮ್ಮ ಹಳ್ಳಿಗಳಲ್ಲಿ ಅಂಥ ದಾಖಲೆಗಳು ಎಲ್ಲಿಯವು? ಆದರೆ ಶಿಕ್ಷಕಿಯಾದವಳು ತಿಳಿಯದೆ ಉತ್ತರ ಕೊಡಬಾರದೆಂದು ವಿಚಾರಿಸುತ್ತ ಹೋದೆವು. ಆ ಉತ್ತರವು ಅರ್ಧಕ್ಕಿಂತ ಹೆಚ್ಚು ತಪ್ಪೆಂದು ಈಗ ನಮಗೆ ತಿಳಿದಿರುವದು.

ಸ್ಕಾಟ್ಲಂಡದ ಆ ಮುದುಕನ ಜ್ಞಾನಕ್ಕೆ ಮೂಲವು ಆತನ ಊರಿನ ದೇವಾಲಯದ ಪುಸ್ತಕಗಳು. ಅಲ್ಲಿ ಪ್ರತಿಯೊಂದು ಸಭಾಕ್ಷೇತ್ರದ ಪಾದ್ರಿಯು ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡುತ್ತಿದ್ದನು. ಉಳಿದು ಬಂದವುಗಳಲ್ಲಿ ಎಲ್ಲಕ್ಕೂ ಹಳೆಯದು ಎರೋಲ್ ಎಂಬ ಊರಿನದು. ಅದು ೧೫೫೩ ನೆಯ ಇಸವಿಯಿಂದ ಆರಂಭವಾಗುವದು. ಸನ್ ೧೮೫೫ ರಿಂದ ಈ ಕೆಲಸವನ್ನು ಸರಕಾರವು ಕೈಕೊಂಡಿತು. ಇದಲ್ಲದೆ ಸರ್ ಜಾನ್ ಸಿಂಕ್ಲೇರ ಎಂಬವರು ದೇಶದ ಪಾದ್ರಿಗಳಿಗೆಲ್ಲ ೧೬೦ ಪ್ರಶ್ನೆಗಳ ಪಟ್ಟಿಯನ್ನು ಕಳಿಸಿ, ಊರಿನ ಮಣ್ಣು, ಬೆಳೆ, ಕೂಲಿ, ಜನರ ನಡೆನುಡಿಗಳನ್ನು ಬರೆಯಿಸಿ, ಆ ಉತ್ತರಗಳನ್ನು ೧೭೯೧ ರಿಂದ ೧೭೯೯ ರ ವರೆಗೆ ೨೧ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕಗಳೆಲ್ಲ ಸಂಪೂರ್ಣವೆಂದು ತಿಳಿಯಬಾರದು. ೧೭೮೩ ರಲ್ಲಿ ಪ್ರತಿಯೊಂದು ದಾಖಲೆಗೆ ಮೂರು ಪೆನ್ನಿಯ ತೆರಿಗೆಯನ್ನು ಹಾಕಿದಾಗ ಎಷ್ಟೋ ಬಡವರು ಮಕ್ಕಳ ಹೆಸರನ್ನು ಬರೆಯಿಸುವದನ್ನೇ ಬಿಟ್ಟರು. ಸಭೆಯ ಹಿರಿಯರ ನಡಾವಳಿಗಳಲ್ಲಿ ಬಡ ಹೆಂಗಸರ ಹೆಸರು ಅನೇಕ ಸಲ ಬರುವದು ತಪ್ಪಿತಸ್ಥರ ಸಾಲಿನಲ್ಲಿ. ಹಾಗಿದ್ದರೂ ಅಲ್ಲಿಯ ರೂಢಿಯೊಂದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು: ಕೂಸಿನ ಹೆಸರಿನ ಮುಂದೆ ತಂದೆಯ ಹೆಸರಷ್ಟೇ ಅಲ್ಲದೆ, ಸಾಮಾನ್ಯವಾಗಿ ತಾಯಿಯ ಹೆಸರನ್ನೂ ಆಕೆಯ ತವರಿನ ಅಡ್ಡಹೆಸರಿನೊಡನೆ ಬರೆಯುತ್ತಿದ್ದರು.

ಇನ್ನು ದುಂಡಸಿಗೆ ಬರೋಣ. ಶಿಗ್ಗಾಂವಿಯ ಪಡುವಣಕ್ಕೆ ಮಲೆನಾಡಿನ ಅಂಚಿನಲ್ಲಿರುವ ಈ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. ೧೯೯೭ ರ ವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ೧೯೫೬ ಕ್ಕಿಂತ ಮೊದಲು ಮುಂಬಯಿ ಆಧಿಪತ್ಯದಲ್ಲಿತ್ತು. ಈ ಸೀಮೆಯ ಹಿಂದಣ ಕಾಗದಗಳು ಒಂದೇ ಕಡೆಗೆ ಸಿಗದಿರುವದಕ್ಕೆ ಇದೇ ಕಾರಣ. ಪೇಶವೆಯರ ಕಾಲದ ಲೆಕ್ಕಪತ್ರಗಳನ್ನು ಪುಣೆಯ ಪೇಶ್ವೆ ದಫ್ತರದಲ್ಲಿ ಹುಡುಕಬೇಕು. ಅವು ಮೋಡಿ ಲಿಪಿಯಲ್ಲಿರುವದರಿಂದ ಓದಬಲ್ಲವರು ವಿರಳ. ಸನ್ ೧೮೪೦ ರ ದಶಕದಲ್ಲಿ ವಿಂಗೇಟ ಸಾಹೇಬರ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಮೋಜಣಿ ನಡೆಯಿತು. ಹೊಲಕ್ಕೊಂದು ನಂಬರು, ನಂಬರಿಗೊಂದು ಆಕಾರ, ಆಕಾರಕ್ಕೊಬ್ಬ ಕಬ್ಜೇದಾರ ಎಂಬ ಏರ್ಪಾಡು ಅಂದಿನದು. ಆ ಕಾಲದ ವರದಿಗಳಲ್ಲಿ ಹಳ್ಳಿಗಳ ಮನೆ, ಎತ್ತು, ನೇಗಿಲು, ಬಾವಿಗಳ ಎಣಿಕೆಯೂ ಬರುವದುಂಟು. ಆಕಾರಬಂದವೂ ಉತಾರಗಳೂ ತಾಲೂಕಿನ ಕಚೇರಿಯಲ್ಲಿ ಇಂದಿಗೂ ದೊರೆಯುವವು. ೧೮೮೪ ರಲ್ಲಿ ಕ್ಯಾಂಬೆಲ್ಲರು ಸಂಪಾದಿಸಿದ ಮುಂಬಯಿ ಗ್ಯಾಝೆಟಿಯರದ ೨೨ ನೆಯ ಸಂಪುಟವು ಪೂರ್ತಿ ಧಾರವಾಡ ಜಿಲ್ಲೆಗೇ ಮೀಸಲಾದದ್ದು. ೧೮೭೬–೭೮ ರ ಘೋರ ಬರಗಾಲದ ಗಾಯವನ್ನು ಜನಗಣತಿಯಲ್ಲಿ ಕಾಣಬೇಕು: ೧೮೭೨ ಕ್ಕೂ ೧೮೮೧ ಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆಯು ಬೆಳೆಯುವದರ ಬದಲು ಸುಮಾರು ಒಂದು ಲಕ್ಷದಷ್ಟು ಕುಗ್ಗಿತು. ಸತ್ತವರ ಹೆಸರುಗಳನ್ನು ಮಾತ್ರ ಆ ಅಂಕಿಗಳು ಹೇಳುವದಿಲ್ಲ.

ಇವಕ್ಕೂ ಹಿಂದಣ ದಾಖಲೆಗಳು ಕಲ್ಲಿನವು. ಎಡಿಂಬರೋದಲ್ಲಿ ಹುಟ್ಟಿ ತಾರುಣ್ಯದಲ್ಲಿ ಧಾರವಾಡಕ್ಕೆ ಅಧಿಕಾರಿಯಾಗಿ ಬಂದ ವಾಲ್ಟರ್ ಇಲಿಯಟ್ಟರು, ೧೮೨೪ ರ ಕಿತ್ತೂರ ಬಂಡಾಯದಲ್ಲಿ ಕೆಲ ದಿವಸ ಸೆರೆಯಲ್ಲಿದ್ದವರು, ಮುಂದೆ ಈ ನಾಡಿನ ೫೯೫ ಶಾಸನಗಳನ್ನು ನಕಲು ಮಾಡಿಸಿದರು. ಹಾನಗಲ್ಲು, ಬಂಕಾಪುರಗಳ ಶಾಸನಗಳೂ ಅವುಗಳಲ್ಲಿವೆ. ಆ ನಕಲಿನ ಒಂದು ಪ್ರತಿಯು ಎಡಿಂಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿತು. ನಮ್ಮ ವಿದ್ಯಾರ್ಥಿನಿಯು ತನ್ನ ನಾಡಿನ ಶಾಸನಗಳನ್ನು ತಾನಿರುವ ದೇಶದಲ್ಲಿಯೇ ನೋಡಬಹುದೆಂಬುದು ವಿನೋದವೆನಿಸೀತು! ಇಲ್ಲಿದ್ದವರಿಗೆ ಧಾರವಾಡದಲ್ಲಿ ೧೯೩೯ ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯೇ ಹತ್ತಿರ.

ಆದುದರಿಂದ ನಮ್ಮ ಹಳ್ಳಿಗಳಿಗೆ ಇತಿಹಾಸದ ಸಾಮಗ್ರಿಯಿಲ್ಲವೆಂದು ಹೇಳುವದು ನಮ್ಮ ಆಲಸ್ಯದ ಮಾತು. ಆದರೆ ಈ ರಾಶಿಯನ್ನೆಲ್ಲ ತಿರುವಿ ಹಾಕಿದರೂ ಆ ಅಜ್ಜಿಯ ತಾಯಿಯ ಹೆಸರು ದೊರೆಯಲಿಲ್ಲ. ಇದೇ ನಮ್ಮನ್ನು ಬರೆಯಲಿಕ್ಕೆ ಹಚ್ಚಿದ ಸಂಗತಿ.

ಶಾಸನಗಳಲ್ಲಿ ಹೆಣ್ಣಿನ ಹೆಸರಿಲ್ಲವೆನ್ನಲಾಗದು. ಹನ್ನೊಂದನೆಯ ಶತಮಾನದಲ್ಲಿ ಬನವಾಸಿಯ ಸೀಮೆಯನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಹೆಸರು ಇಂದಿಗೂ ಅಳಿದಿಲ್ಲ. ಆದರೆ ಅವಳು ರಾಜಕುಮಾರಿ. ಊರ ಹೊರಗಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳೊಂದನ್ನು ಮಾತ್ರ ಕೆತ್ತಿರುವರು. ಎಷ್ಟೋ ಕಲ್ಲುಗಳಲ್ಲಿ ಆ ತೋಳು ಯಾರದೆಂದು ಬರೆದೇ ಇಲ್ಲ. ಕಂದಾಯದ ಪುಸ್ತಕಗಳಲ್ಲಿ ಗಂಡಸೇ ಕಬ್ಜೇದಾರ. ಗಂಡನು ತೀರಿ ಮಗನು ಚಿಕ್ಕವನಿದ್ದರೆ, ಅಜ್ಞಾನ ಮಗನ ಪಾಲನಕರ್ತಿಯೆಂದು ತಾಯಿಯ ಹೆಸರು ಕೆಲ ವರ್ಷ ಹತ್ತುವದು. ಮಗನು ಪ್ರಾಯಕ್ಕೆ ಬಂದೊಡನೆ ಅದು ಹೋಗುವದು. ನಮ್ಮ ರಾಜ್ಯದಲ್ಲಿ ೧೯೯೪ ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಬಂದಿತು. ಅದರ ತರುವಾಯ ವಾರಸಾದಲ್ಲಿ ಮಗಳ ಹೆಸರು ಕಾಣಿಸತೊಡಗಿತು. ಆದರೆ ಎಷ್ಟೋ ಮನೆಗಳಲ್ಲಿ ಅದರ ಬೆನ್ನಿಗೇ ಹಕ್ಕು ಬಿಟ್ಟುಕೊಟ್ಟ ಪತ್ರವೂ ಬರುವದು. ಮಗಳ ಹೆಸರು ಒಳಗೆ ಬಂದದ್ದು ಹೊರಗೆ ಹೋಗುವ ಸಲುವಾಗಿಯೋ ಎನ್ನುವಂತೆ.

ನಮ್ಮ ಉತ್ತರ ಕರ್ನಾಟಕದಲ್ಲಿ ವಂಶಾವಳಿಯನ್ನು ಬಲ್ಲ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು, ಕೆಲವು ವರ್ಷಕ್ಕೊಮ್ಮೆ ಸುಗ್ಗಿಯ ಕಾಲಕ್ಕೆ ಬಂದು, ಮನೆಯ ಮುಂದೆ ನಿಂತು ಹಿರಿಯರ ಹೆಸರುಗಳನ್ನು ಹೊಗಳಿ, ಕಾಳುಕಡಿ ಬಟ್ಟೆಬರೆಗಳನ್ನು ಪಡೆದು ಹೋಗುವವರು ಇವರು. ಮನೆತನವು ಯಾವ ಊರಿನಿಂದ ಬಂದಿತು, ಯಾವಾಗ ಪಾಲಾಯಿತು, ಯಾವ ಬರದಲ್ಲಿ ಯಾರು ಗುಳೆ ಹೋದರು ಎಂಬುದನ್ನು ಇವರು ತಮ್ಮ ಪುಸ್ತಕಗಳಿಂದ ಓದಿ ಹೇಳುವರು. ಸ್ಕಾಟ್ಲಂಡದ ಪಾದ್ರಿಯ ಪುಸ್ತಕಕ್ಕೆ ನಮ್ಮಲ್ಲಿ ಸರಿಸಾಟಿಯಾದದ್ದು ಯಾವದೆಂದು ಕೇಳಿದರೆ ನಾವು ಸರಕಾರದ ದಫ್ತರಕ್ಕಿಂತ ಮೊದಲು ಹೆಳವನ ಚೀಲವನ್ನು ತೋರಿಸುವೆವು. ಅವನನ್ನು ಬಾಗಿಲಿಂದಲೇ ಕಳಿಸುವ ಇಂದಿನ ಪಟ್ಟಣದ ಮನೆಗಳ ನಡತೆಯನ್ನು ನಾವು ಸರ್ವಥಾ ಒಪ್ಪಲಾರೆವು. ಅವನು ಸಹ ಹೆಚ್ಚಾಗಿ ಗಂಡುಸಂತತಿಯ ಸಾಲನ್ನೇ ಹಿಡಿದು ಹೇಳುವನೆಂಬುದು ನಿಜ. ಆದರೆ ಅವನಿಗೆ ನಾವು ಬೇರೆ ಪ್ರಶ್ನೆ ಹಾಕಿದ್ದು ಯಾವಾಗ?

ಕಾಗದವನ್ನು ಕಳೆದವರಲ್ಲಿ ನಾವೂ ಒಬ್ಬರು. ಕುಲಕರ್ಣಿ ವತನಗಳು ೧೯೫೦ ರ ಕಾಯದೆಯಿಂದ ರದ್ದಾದವು. ಆ ಬಳಿಕ ನಮ್ಮ ಅಜ್ಜನ ದಫ್ತರವು ರುಮಾಲುಗಳಲ್ಲಿ ಕಟ್ಟಿ ಅಟ್ಟದ ಮೇಲೆ ಬಿದ್ದಿತ್ತು. ಮೋಡಿಯನ್ನು ಓದಬಲ್ಲವರು ಮನೆಯಲ್ಲಿ ಉಳಿಯಲಿಲ್ಲ, ಗೆದ್ದಲು ಹತ್ತಿತು. ಒಂದು ವರ್ಷ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಅದನ್ನೆಲ್ಲ ಕೆಳಗಿಳಿಸಿ, ಹಬ್ಬದ ಹಂಡೆಯ ನೀರು ಕಾಯಿಸಲಿಕ್ಕೆ ನಮ್ಮ ಕೈಯಿಂದಲೇ ಒಲೆಗೆ ಹಾಕಿದೆವು. ಚೆನ್ನಾಗಿ ಉರಿಯಿತು. ಬಹಳ ವರ್ಷಗಳ ತರುವಾಯ ಸೋದರತ್ತೆಯವರು ಹೇಳಿದರು: ಆ ಗಂಟುಗಳಲ್ಲಿ ಒಂದು ಮನೆಯ ಮದುವೆಗಳ ಮುಯ್ಯದ ಯಾದಿಯಂತೆ. ಯಾರ ತವರಿನವರು ಯಾವ ಊರಿನಿಂದ ಬಂದು ಏನು ಆಹೇರಿ ಮಾಡಿದರೆಂಬುದೆಲ್ಲ ಅದರಲ್ಲಿತ್ತಂತೆ. ಯಾವ ಕಚೇರಿಯಲ್ಲಿಯೂ ಸಿಗದ ಹೆಣ್ಣುಮಕ್ಕಳ ದಾಖಲೆಯನ್ನು ನಾವು ಎರೆದುಕೊಳ್ಳುವ ನೀರಿಗೆ ಉರಿಸಿದ್ದೆವು.

ಇನ್ನು ನಮ್ಮ ಶಾಲೆಯ ಮಾತು. ಹಳೆಯ ದಾಖಲಾತಿ ಪುಸ್ತಕಗಳು ಜೀರ್ಣವಾಗಿವೆ, ಸ್ಥಳವು ಸಾಲದು, ಮುಖ್ಯವಾದ ಅಂಶಗಳನ್ನು ಯಂತ್ರಕ್ಕೆ ಏರಿಸಿ ಉಳಿದುದನ್ನು ವಿಲೇವಾರಿ ಮಾಡಬಹುದು ಎಂಬ ಸೂಚನೆಯು ಈಚೆಗೆ ಬಂದಿತು. ಸೂಚನೆ ಮಾಡಿದವರ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಆದರೂ ನಾವು ಅದನ್ನು ವಿರೋಧಿಸುವೆವು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯಾದೊಡನೆ ಹೆಣ್ಣಿನ ಹೆಸರನ್ನೇ ಬದಲಿಸುವರು. ಅಂಥವಳ ಹುಟ್ಟುಹೆಸರು, ಹುಟ್ಟೂರು, ತಂದೆಯ ಹೆಸರು, ಜನ್ಮತಾರೀಖು ಒಂದೇ ಸಾಲಿನಲ್ಲಿ ಬರೆದಿರುವ ಪುಸ್ತಕವು ಶಾಲೆಯದಲ್ಲದೆ ಬೇರೊಂದಿಲ್ಲ. ಸಭೆಯ ದೀಕ್ಷಾಸ್ನಾನದ ಪುಸ್ತಕವು ಕ್ರೈಸ್ತ ಮನೆತನಗಳಿಗೆ ಈ ಉಪಕಾರವನ್ನು ಮಾಡುವದು. ಉಳಿದ ಹುಡುಗಿಯರಿಗೆ ಶಾಲೆಯ ರಜಿಸ್ಟರೇ ಗತಿ. ಮುಖ್ಯವಾದ ಅಂಶಗಳು ಯಾವವೆಂದು ಇಂದು ನಾವು ಗೊತ್ತುಪಡಿಸಿದರೆ, ನಾಳೆ ಹುಡುಕಿಕೊಂಡು ಬರುವವಳಿಗೆ ಬೇಕಾದದ್ದು ಬೇರೆಯೇ ಆಗಿರಬಹುದು.

ಆ ಪುಸ್ತಕಗಳಲ್ಲಿಯೇ ನಾವು ನಮ್ಮ ವಿದ್ಯಾರ್ಥಿನಿಯ ಅಜ್ಜಿಯನ್ನು ಕಂಡೆವು. ಮದುವೆಯ ಮುಂಚಿನ ಹೆಸರು, ಊರು ದುಂಡಸಿ, ಪಾಲಕರ ಉದ್ಯೋಗ ಒಕ್ಕಲುತನ, ಶಾಲೆ ಬಿಟ್ಟ ಕಾರಣ, ಲಗ್ನ. ಅಷ್ಟೇ. ತಾಯಿಯ ಹೆಸರಿಗೆ ಆ ಪುಸ್ತಕದಲ್ಲಿ ಮನೆಯನ್ನೇ ಹಾಕಿರಲಿಲ್ಲ. ಹೆಣ್ಣುಮಕ್ಕಳ ಸಲುವಾಗಿಯೇ ಹುಟ್ಟಿದ ಶಾಲೆಗೂ ತಾಯಿಯನ್ನು ಕೇಳಬೇಕೆಂದು ತೋಚಲಿಲ್ಲವಲ್ಲ ಎಂದು ನಾವು ಆ ಪುಟದ ಮುಂದೆ ಬಹಳ ಹೊತ್ತು ಕುಳಿತೆವು.

ಪ್ರಿಯ ಭಗಿನಿಯರೇ, ನಮ್ಮ ಬಿನ್ನಹವು ದೊಡ್ಡದಲ್ಲ. ನಿಮ್ಮ ತಾಯಿ, ತಾಯಿಯ ತಾಯಿ, ತಂದೆಯ ತಾಯಿ ಇವರ ಹುಟ್ಟುಹೆಸರನ್ನೂ ತವರೂರನ್ನೂ ಒಂದು ಹಾಳೆಯಲ್ಲಿ ಶಾಯಿಯಿಂದ ಬರೆದು, ನೀವು ಇಲ್ಲಿ ಕಲಿತ ವರ್ಷಗಳನ್ನು ಸೇರಿಸಿ ಶಾಲೆಗೆ ಕಳಿಸಿರಿ. ಅವನ್ನು ಹೊಲಿದು ಹಳೆಯ ರಜಿಸ್ಟರುಗಳ ಮಗ್ಗಲಿಗೆ ಇಡುವೆವು. ಗೊತ್ತಿದ್ದವರು ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿಕೊಳ್ಳಿರಿ. ಪಾಲಕರಲ್ಲಿ ಇನ್ನೊಂದು ಮಾತು: ಮುಯ್ಯದ ಯಾದಿ, ಹಳೆಯ ಪತ್ರ, ಓದಲಿಕ್ಕೆ ಬಾರದ ಮೋಡಿಯ ಕಾಗದ ಯಾವದಿದ್ದರೂ ರದ್ದಿಗೆ ಹಾಕುವ ಮೊದಲು ಧಾರವಾಡದಲ್ಲಿರುವ ಬಲ್ಲವರಿಗೆ ತೋರಿಸಿರಿ. ಶಾಲೆಯ ಪುಸ್ತಕಗಳ ವಿಷಯವು ಬರುವ ಸಭೆಯಲ್ಲಿ ಚರ್ಚೆಗೆ ಬಂದಾಗ ನಿಮ್ಮ ಮತವನ್ನೂ ತಿಳಿಸಿರಿ.

ಆ ವಿದ್ಯಾರ್ಥಿನಿಗೆ ಅಜ್ಜಿಯ ಸಾಲಿನ ನಕಲನ್ನು ಕಳಿಸಿರುವೆವು. ಆಕೆಯ ಅಣ್ಣನು ದುಂಡಸಿಯಲ್ಲಿಯೇ ಇರುವನು. ಸುಗ್ಗಿಯ ತರುವಾಯ ಹೆಳವನು ಬಂದಾಗ ಅಜ್ಜಿಯ ತವರಿನವರ ಹೆಳವನು ಯಾರೆಂಬುದನ್ನು ವಿಚಾರಿಸಿ, ಅವನಿಂದ ತಾಯಂದಿರ ಹೆಸರುಗಳನ್ನೂ ಬರೆದುಕೊಳ್ಳಬೇಕೆಂದು ಅವನಿಗೂ ಒಂದು ಪತ್ರವನ್ನು ಹಾಕಿದೆವು. ಉತ್ತರವು ಇನ್ನೂ ಬಂದಿಲ್ಲ.