ಯಾರ ಮನೆಯ ರೈನಿ ಡೇ?

ಕಳೆದ ತಿಂಗಳು ಇಂಗ್ಲಿಷ್ ಮೇಡಂ ಹತ್ತು ಗಾದೆಗಳನ್ನು ಬೋರ್ಡಿನ ಮೇಲೆ ಬರೆದು, ಕನ್ನಡದಲ್ಲಿ ಅರ್ಥ ಬರೆದುಕೊಂಡು ಬನ್ನಿ ಎಂದರು. ಅವುಗಳಲ್ಲಿ ಒಂದು ‘ಸೇವ್ ಫಾರ್ ಎ ರೈನಿ ಡೇ’. ಸಂಜೆ ಬಸ್ಸು ಕುಂತೂರಿಗೆ ಬರುವಷ್ಟರಲ್ಲಿ ನಾನು ಬರೆದು ಮುಗಿಸಿದ್ದೆ: ‘ಮಳೆ ಬರುವ ದಿನಕ್ಕೆಂದು ಹಣ ಉಳಿಸಿಡು.’ ಪಕ್ಕದಲ್ಲಿ ಕೂತಿದ್ದ ಗೆಳತಿ ಓದಿ ನಕ್ಕಳು. ಅವರದು ರೇಷ್ಮೆ ಸಾಕುವ ಮನೆ. “ಮಳೆ ಬಂದ್ರೆ ನಮ್ಮಪ್ಪಂಗೆ ಧೈರ್ಯ ಬರುತ್ತೆ ಕಣೇ. ದುಡ್ಡು ಬೇಕಾಗೋದು ಮಳೆ ಬರದೇ ಇದ್ದಾಗ” ಅಂದಳು.

ಅವಳು ಹೇಳಿದ್ದು ಸರಿ ಅನ್ನಿಸಿತು. ಕನ್ನಡದಲ್ಲಿ ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯಿದೆ. ನಮ್ಮ ಮನೆಯ ಉರ್ದುವಿನಲ್ಲಿ ಮಳೆಗೆ ಬಾರಿಶ್, ಬರ್ಸಾತ್ ಎನ್ನುತ್ತೇವೆ. ಆದರೆ ಬೇಸಿಗೆ ಕಳೆದು ಮೊದಲ ಹನಿ ಬಿದ್ದಾಗ ದಾದಿ ಹೇಳುವ ಪದ ‘ರಹಮತ್’, ಅಂದರೆ ಕರುಣೆ. ಮಳೆ ಕೈಕೊಟ್ಟ ವರ್ಷ ಬಯಲಿನಲ್ಲಿ ಸೇರಿ ಮಳೆಗಾಗಿಯೇ ಮಾಡುವ ಇಸ್ತಿಸ್ಕಾ ನಮಾಜ್ ಇದೆ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋಗಿ ನೀರು ಹಾಕಿಸಿಕೊಳ್ಳುತ್ತಾರೆ. ಹೀಗೆ ಎರಡು ಭಾಷೆಗಳೂ ಮಳೆಯನ್ನು ಕರೆಯುತ್ತವೆ. ಇಂಗ್ಲಿಷ್ ಮಾತ್ರ, ನಾವು ಎಲ್‌ಕೆಜಿಯಲ್ಲಿ ಕೈ ಆಡಿಸಿ ಹೇಳಿದ ಪದ್ಯದಿಂದಲೇ, ಮಳೆಯನ್ನು ಓಡಿಸುತ್ತದೆ. ವರ್ಷವಿಡೀ ಜಿನುಗುವ ದೇಶದಲ್ಲಿ ಹುಟ್ಟಿದ ಭಾಷೆ, ಅದಕ್ಕೆ ಮಳೆಯ ಮೇಲೆ ಬೇಸರ ಇದ್ದರೆ ತಪ್ಪಲ್ಲ.

ನಮ್ಮ ಕಾಮರ್ಸ್ ಪುಸ್ತಕಗಳ ಇಂಗ್ಲಿಷ್‌ನಲ್ಲೂ ಈ ‘ರೈನ್’ ಒಂದೇ ಅರ್ಥದಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಅನೇಕ ರಾಜ್ಯ ಸರ್ಕಾರಗಳು ಆದಾಯ ಕುಸಿದ ವರ್ಷಕ್ಕೆಂದು ತೆಗೆದಿಡುವ ಹಣಕ್ಕೆ ‘ರೈನಿ ಡೇ ಫಂಡ್’ ಎನ್ನುತ್ತಾರೆ. ಇಲ್ಲಿ ಮಳೆ ಎಂದರೆ ನಷ್ಟ. ಕಂಪನಿಗೆ ದೊಡ್ಡ ದೊಡ್ಡ ಗಿರಾಕಿಗಳನ್ನು ತರುವವರಿಗೆ ‘ರೈನ್‌ಮೇಕರ್’ ಎನ್ನುತ್ತಾರೆ. ಇಲ್ಲಿ ಮಳೆ ಎಂದರೆ ಲಾಭ. ಬೇಸ್‌ಬಾಲ್ ಪಂದ್ಯ ಮಳೆಯಿಂದ ನಿಂತುಹೋದರೆ ಇನ್ನೊಂದು ದಿನ ಬಂದು ನೋಡಿ ಎಂದು ಕೊಡುತ್ತಿದ್ದ ಚೀಟಿ ‘ರೈನ್ ಚೆಕ್’. ಮುಂದೆ ರಿಯಾಯಿತಿ ದರದ ಸರಕು ಮುಗಿದುಹೋದಾಗ ಅಂಗಡಿಯವರು, ಸರಕು ಬಂದ ಮೇಲೆ ಅದೇ ದರಕ್ಕೆ ಕೊಡುತ್ತೇವೆ ಎಂದು ಬರೆದುಕೊಡುವ ಚೀಟಿಗೂ ಅದೇ ಹೆಸರಾಯಿತು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾತ್ರ ರೈನಿ ಡೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದರೆ ಅದು ಮಳೆಯ ದಿನ. ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಎರಡೂವರೆ ಲೀಟರ್ ನೀರು. ಅದಕ್ಕಿಂತ ಕಡಿಮೆ ಬಿದ್ದರೆ, ನಮ್ಮ ಯೂನಿಫಾರ್ಮ್ ಒದ್ದೆಯಾಗಿದ್ದರೂ, ಅದು ಮಳೆಯ ದಿನವಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನಿಗೆ ಪರಿಹಾರ ಸಿಗುವುದೂ ಮಳೆಮಾಪಕದಂಥ ಉಪಕರಣಗಳು ತೋರಿಸುವ ಅಂಕಿಗಳ ಮೇಲೆಯೇ.

ಇಷ್ಟನ್ನೆಲ್ಲ ತಿಳಿದುಕೊಂಡು, ಈ ಗಾದೆ ನಮ್ಮ ಊರಿಗೆ ಹೊಂದುವುದಿಲ್ಲ ಎಂದು ಅಮ್ಮಿಗೆ ನಗುತ್ತಾ ಹೇಳಿದೆ. ಅಮ್ಮಿ ನಗಲಿಲ್ಲ. “ಪಾನಿ ಆಯಾ ತೋ ಕಾಮ್ ನೈ” ಅಂದರು. ಮಳೆ ಬಂದರೆ ಕೆಲಸವಿಲ್ಲ.

ನಮ್ಮ ಅಬ್ಬಾ ಪೇಂಟಿಂಗ್ ಕೆಲಸ ಮಾಡುತ್ತಾರೆ. ದಿನಗೂಲಿ. ಗೋಡೆ ಒದ್ದೆಯಾದರೆ ಬಣ್ಣ ಹಿಡಿಯುವುದಿಲ್ಲ, ಒಣಗುವವರೆಗೆ ಕಾಯಬೇಕು. ನಮ್ಮ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳು ಅಬ್ಬಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆಕಾಶ ನೋಡುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಹವೆ ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಕೂಲಿ ನೋಡುತ್ತಿದ್ದರು. ಅಮ್ಮಿ ಬೇಳೆ ಡಬ್ಬಿಯ ತಳದಲ್ಲಿ ಪ್ರತಿ ವಾರ ಒಂದಿಷ್ಟು ನೋಟು ಇಡುವುದೂ ಅದಕ್ಕೇ. ನಾನು ಗೇಲಿ ಮಾಡಿದ ಆ ಇಂಗ್ಲಿಷ್ ಗಾದೆ, ಇಂಗ್ಲಿಷ್ ಬಾರದ ನಮ್ಮ ಅಮ್ಮಿಯ ಅಡುಗೆಮನೆಯಲ್ಲಿ ಅಕ್ಷರಶಃ ನಿಜವಾಗಿತ್ತು.

ಮರುದಿನ ಬಸ್ಸಿನಲ್ಲಿ ಗೆಳತಿಗೆ ಇದನ್ನು ಹೇಳಿದೆ. ಅವಳೂ ಸ್ವಲ್ಪ ಯೋಚಿಸಿ, “ಹಂಗೆ ನೋಡಿದ್ರೆ ನಮಗೂ ಮಳೆ ಜಾಸ್ತಿಯಾದ್ರೆ ಕಷ್ಟಾನೇ” ಅಂದಳು. ಮಳೆ ಬಾರದಿದ್ದರೆ ಹಿಪ್ಪುನೇರಳೆ ಸೊಪ್ಪಿಲ್ಲ. ಬಿಡದೆ ಸುರಿದರೆ ಸೊಪ್ಪು ಒದ್ದೆ, ಒದ್ದೆ ಸೊಪ್ಪು ತಿಂದ ಹುಳುಗಳಿಗೆ ರೋಗ. ನದಿ ದಂಡೆಯ ಊರುಗಳ ಕಥೆಯೇ ಬೇರೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ದಾಸನಪುರ, ಮುಳ್ಳೂರು ಮುಂತಾದ ಊರುಗಳಿಗೆ ಕಾವೇರಿ ನುಗ್ಗಿದಾಗ, ಆ ನೀರನ್ನು ತಂದದ್ದು ಇಲ್ಲಿಯ ಮಳೆಯಲ್ಲ. ಕೊಡಗಿನಲ್ಲಿ, ವಯನಾಡಿನಲ್ಲಿ ಸುರಿದ ಮಳೆ ಅಣೆಕಟ್ಟುಗಳನ್ನು ತುಂಬಿಸಿ ಹೊಳೆಯಲ್ಲಿ ಇಳಿದು ಬಂದಿತ್ತು.

ಹಾಗಾದರೆ ಅಬ್ಬಾನಿಗೆ ಮಳೆಯೇ ಬಾರದ ವರ್ಷ ಒಳ್ಳೆಯ ವರ್ಷವೇ? ಇದನ್ನು ಅವರಿಗೇ ಕೇಳಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷ ನಿಮ್ಮ ಕೆಲಸ ಮಳೆಯಿಂದ ನಿಂತಿದ್ದು ಕಡಿಮೆ ಅಲ್ಲವೇ ಅಂದೆ. ಅಬ್ಬಾ ಹೇಳಿದರು: ಗೋಡೆಗಳೆಲ್ಲ ಒಣಗಿಯೇ ಇದ್ದವು, ಆದರೆ ಬಣ್ಣ ಹೊಡೆಸುವವರು ಇರಲಿಲ್ಲ. ಬೆಳೆ ಬಾರದ ಮನೆಯವರು ಹಬ್ಬಕ್ಕೆ ಸುಣ್ಣ ಬಳಿಸುವುದನ್ನೂ ಮುಂದೆ ಹಾಕಿದರು, ಮದುವೆಯನ್ನೂ ಮುಂದೆ ಹಾಕಿದರು. ಮಳೆ ಬಂದರೆ ಇವತ್ತಿನ ಕೂಲಿ ಹೋಗುತ್ತದೆ, ಬಾರದಿದ್ದರೆ ಮುಂದಿನ ವರ್ಷದ ಕೆಲಸವೇ ಹೋಗುತ್ತದೆ.

ಇದನ್ನು ಕೇಳಿದ ಮೇಲೆ ದಾದಿಯ ‘ರಹಮತ್’ ನನಗೆ ಇನ್ನಷ್ಟು ಅರ್ಥವಾಯಿತು. ಮಗನ ಕೂಲಿ ತಪ್ಪುತ್ತದೆ ಎಂದು ಗೊತ್ತಿದ್ದೂ ಅವರು ಮೊದಲ ಹನಿಗೆ ಹಾಗೆ ಹೇಳುತ್ತಾರೆ. ಗೆಳತಿಯ ಅಪ್ಪನ ಒಳ್ಳೆಯ ದಿನ ನಮ್ಮ ಅಬ್ಬಾನ ಕೆಟ್ಟ ದಿನ. ಆದರೆ ಆ ಒಳ್ಳೆಯ ದಿನದಿಂದಲೇ ಕೆಲವು ತಿಂಗಳ ನಂತರ ನಮ್ಮ ಮನೆಗೆ ಕೂಲಿ ಬರುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಎಂದು ಅರ್ಥಶಾಸ್ತ್ರದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೇನೆ. ನಮ್ಮ ಬೇಳೆ ಡಬ್ಬಿಯಲ್ಲಿ ಅದನ್ನು ನೋಡಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ‘ಕಷ್ಟಕಾಲಕ್ಕೆ ಉಳಿಸಿ’ ಎಂದು ಹೇಳುವುದು ಸುಲಭ. ಆ ಕಾಲ ಯಾವ ಮನೆಗೆ ಯಾವಾಗ ಬರುತ್ತದೆ ಎಂದು ಕೇಳದೆ ಹೇಳಿದರೆ ಉಪಯೋಗವಿಲ್ಲ. ನಮ್ಮ ತರಗತಿಯಲ್ಲೇ ರೈತರ ಮಕ್ಕಳಿದ್ದಾರೆ, ಕಬ್ಬು ಕಡಿಯುವವರ ಮಕ್ಕಳಿದ್ದಾರೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವರ ಮಕ್ಕಳಿದ್ದಾರೆ. ಎಲ್ಲರ ರೈನಿ ಡೇ ಒಂದೇ ದಿನ ಬರುವುದಿಲ್ಲ. ಆದರೆ ಎರಡನೇ ಕಂತಿನ ಶುಲ್ಕದ ಕೊನೆಯ ದಿನ ಎಲ್ಲರಿಗೂ ಒಂದೇ, ಅದೂ ಅಕ್ಟೋಬರ್‌ನಲ್ಲಿ. ಆಗ ರೈತರ ಮನೆಯಲ್ಲಿ ಬೆಳೆ ಇನ್ನೂ ಹೊಲದಲ್ಲಿರುತ್ತದೆ, ನಮ್ಮಂಥವರ ಮನೆಯಲ್ಲಿ ಕೆಲಸ ನಿಂತಿರುತ್ತದೆ.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಶುಲ್ಕ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಆಗಸ್ಟ್ ಒಂದು, ಜನವರಿ ಒಂದು, ಹೀಗೆ ಎರಡು ದಿನಾಂಕ ಕೊಟ್ಟು, ಯಾವುದು ತಮಗೆ ಅನುಕೂಲ ಎಂದು ದಾಖಲಾತಿಯ ಸಮಯದಲ್ಲೇ ಮನೆಯವರು ಆರಿಸಿಕೊಳ್ಳುವಂತೆ ಮಾಡಿದರೆ ಸಾಕು. ಆಫೀಸಿನ ಕಿಟಕಿಯ ಮುಂದೆ ಇನ್ನೊಂದು ವಾರ ಬಿಡಿ ಸಾರ್ ಎಂದು ನಿಲ್ಲುವ ಅಪ್ಪಂದಿರು ಕಡಿಮೆಯಾಗುತ್ತಾರೆ. ಕಳೆದ ವರ್ಷ ಅಲ್ಲಿ ನಿಂತವರಲ್ಲಿ ನಮ್ಮ ಅಬ್ಬಾನೂ ಒಬ್ಬರು.

ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿ, ‘ಕೆಲಸವಿಲ್ಲದ ದಿನಕ್ಕೆಂದು ಉಳಿಸಿಡು’ ಎಂದು ಬರೆದುಕೊಂಡು ಹೋದೆ. ಮಳೆ ಎಲ್ಲಿ ಹೋಯಿತು ಎಂದು ಮೇಡಂ ಕೇಳಿದರು. ಮಳೆ ಬೇಕು ಮೇಡಂ, ಅದನ್ನು ಬೈಯುವುದು ಬೇಡ ಅಂದೆ. ಸರಿ ಗುರುತು ಹಾಕಿದರು.