ಕಪ್ಪಿಗೆ ಕಪ್ಪು

ಮಕ್ಕಳೇ, ಕಳೆದ ರಜೆಯಲ್ಲಿ ನಮ್ಮ ಮನೆಯ ಹಳೇ ಕಂಪ್ಯೂಟರ್ ಸತ್ತುಹೋಯಿತು. ಸದ್ದಿಲ್ಲ, ಹೊಗೆಯಿಲ್ಲ. ಬಟನ್ ಒತ್ತಿದರೆ ಫ್ಯಾನು ಅರೆ ಸುತ್ತು ತಿರುಗಿ ನಿಂತಿತು, ಅಷ್ಟೆ.

1997ರಲ್ಲಿ ಬ್ಯಾಂಕಿನ ಸಾಲದಲ್ಲಿ ಕುಂದಾಪುರದ ಮನೆಗೆ ತಂದದ್ದು ಅದು. "ಗುಜರಿಗೆ ಹಾಕಿ ಅಪ್ಪಯ್ಯ, ಹೊಸ ಲ್ಯಾಪ್‌ಟಾಪ್ ಕಳ್ಸ್ತೆ" ಎಂದಳು ಬೆಂಗಳೂರಿನ ಮಗಳು. ನನಗೆ ಮನಸ್ಸು ಬರಲಿಲ್ಲ. ಅದರೊಳಗೆ ನನ್ನ ಹೆಂಡತಿ ಟೈಪ್ ಮಾಡಿಟ್ಟ ಶೋಭಾನೆ ಹಾಡುಗಳಿದ್ದವು. ತನ್ನ ಅಮ್ಮ ಹೇಳುತ್ತಿದ್ದುದನ್ನು ನೆನಪು ಮಾಡಿಕೊಂಡು, 'ಬರಹ' ತಂತ್ರಾಂಶ ಬಂದ ಮೇಲೆ ಸಂಜೆ ಹೊತ್ತು ಒಂದೇ ಬೆರಳಲ್ಲಿ ಕುಟ್ಟಿದ್ದು. ಅವಳು ಹೋಗಿ ಆರು ವರ್ಷ. ಫ್ಲಾಪಿಗೆ ಇಳಿಸಿದ ಪ್ರತಿಗೆ ನಮ್ಮೂರ ಮಳೆಗಾಲ ಬೂಷ್ಟು ಹಿಡಿಸಿತ್ತು. ಡಿಸ್ಕನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಬಹುದಿತ್ತು, ಆದರೆ ಆ ಕಾಲದ ಅಕ್ಷರಗಳು ಈಗಿನ ಯಂತ್ರಗಳಲ್ಲಿ ಕಲಸುಮೇಲೋಗರವಾಗಿ ಕಾಣುತ್ತವೆ.

ನಾನೇ ಬಿಚ್ಚೋಣವೆಂದು ಸ್ಕ್ರೂ ಡ್ರೈವರ್ ಹಿಡಿದು ಕೂತಿದ್ದೆ. ಮೊಮ್ಮಗ ತಡೆದ. ಪುಣ್ಯ. ಏಕೆಂದು ಮುಂದೆ ಹೇಳುತ್ತೇನೆ.

ಬ್ರಹ್ಮಾವರದಲ್ಲಿ ಟೀವಿ, ರೇಡಿಯೋ ರಿಪೇರಿ ಮಾಡುವ ಪರಿಚಯದವರೊಬ್ಬರಿದ್ದಾರೆ. ಇಬ್ಬರೂ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಅವರು ಹಿಂದಿನ ಮೂಲೆಯ ತಗಡಿನ ಡಬ್ಬಿ ಬಿಚ್ಚಿದರು. ಅದೇ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟಿನ ಕರೆಂಟನ್ನು 12 ಮತ್ತು 5 ವೋಲ್ಟಿಗೆ ಇಳಿಸಿ, ಯಾರಿಗೆಷ್ಟು ಬೇಕೋ ಅಷ್ಟು ಬಡಿಸುವುದು ಅದರ ಕೆಲಸ. ಡಿಸ್ಕಿನ ಮೋಟಾರಿಗೆ 12, ಚಿಪ್ಪುಗಳಿಗೆ 5.

"ಕಾಣಿ ಮಾರಾಯ್ರೆ, ಇದ್ರ್ ತಲೆ ಉಬ್ಬಿತ್ತ್" ಎಂದು ಡಬ್ಬಿಯಂಥ ಸಣ್ಣ ಕೆಪಾಸಿಟರುಗಳನ್ನು ತೋರಿಸಿದರು. ಮನೆಯ ಮಾಳಿಗೆಯ ನೀರಿನ ಟ್ಯಾಂಕಿ ಇದ್ದ ಹಾಗೆ ಅವು. ಮೇಲಿಂದ ನೀರು ಹೆಚ್ಚುಕಡಿಮೆ ಬಂದರೂ ನಲ್ಲಿಯಲ್ಲಿ ಒಂದೇ ಸಮ ಬರುವಂತೆ, ಏರಿಳಿಯುವ ಕರೆಂಟನ್ನು ಸಮ ಮಾಡುತ್ತವೆ. ಒಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಆರಿಹೋದರೆ ಟ್ಯಾಂಕಿ ಖಾಲಿ.

ಇನ್ನು ನನ್ನ ಸ್ಕ್ರೂ ಡ್ರೈವರ್ ವಿಷಯ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದಂತೆ! ಈ ಹಳೆಯ ಮಾದರಿಯಲ್ಲಿ ಮುಂದಿನ ಬಟನ್ನಿನವರೆಗೂ 230 ವೋಲ್ಟು ಬಂದಿರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನಿಗೆ ಇದು ಹೇಗೆ ಗೊತ್ತಾಗಬೇಕು? ಮಕ್ಕಳೇ, ಈ ತಗಡಿನ ಡಬ್ಬಿಯನ್ನು ನೀವಂತೂ ಬಿಚ್ಚಬೇಡಿ. ಅಜ್ಜಂದಿರೇ, ನೀವೂ.

ಈಗಿನ ಎಸ್‌ಎಂಪಿಎಸ್ ಇದಕ್ಕೆ ನೇರವಾಗಿ ಕೂರುವುದಿಲ್ಲ. 1995ರಲ್ಲಿ ಎಟಿಎಕ್ಸ್ ಎಂಬ ಹೊಸ ಮಾದರಿ ಬಂದು, ಬರಬರುತ್ತಾ ಪ್ಲಗ್ಗೇ ಬದಲಾಯಿತು. ಅವರ ಅಟ್ಟದಲ್ಲಿ, ಮುಚ್ಚಿಹೋದ ಟೈಪಿಂಗ್ ಕ್ಲಾಸಿನ ಕಂಪ್ಯೂಟರಿನದೊಂದು ಹಳೇ ಡಬ್ಬಿಯಿತ್ತು. ಅದರ ಕೆಪಾಸಿಟರುಗಳನ್ನೂ ತೆಗೆದು ಹೊಸದು ಬೆಸುಗೆ ಹಾಕಿದರು. ಅಳತೆ ಅದೇ, ಪಟ್ಟೆ ಇರುವ ಕಡೆ ಮೈನಸ್, ತಿರುವುಮುರುವಾದರೆ ಸಿಡಿಯುತ್ತದೆ.

ಕೊನೆಗೆ ಮದರ್‌ಬೋರ್ಡಿಗೆ ಎರಡು ಪ್ಲಗ್ಗು, ಅಕ್ಕಪಕ್ಕ. ಅದಲುಬದಲಾದರೆ ಬೋರ್ಡು ಸುಟ್ಟಂತೆ. ನನ್ನ ಎದೆ ಡವಡವ. ಅವರು ಮೊಮ್ಮಗನ ಕೈಗೇ ಕೊಟ್ಟರು. "ಕಪ್ಪ್ ತಂತಿ ಎರಡೂ ಮಧ್ಯಕ್ಕೆ ಬರ್ಕ್. ಕಪ್ಪಿಗೆ ಕಪ್ಪ್, ಮಗಾ." ಕೂರಿಸಿದ.

ಮಾನಿಟರ್ ಬೆಳಗಿತು. ಬೋರ್ಡಿನ ಬ್ಯಾಟರಿ ಸತ್ತಿದ್ದರಿಂದ ತಾರೀಖು 1980! "ಅಜ್ಜಯ್ಯ, ಆಗ ಅಮ್ಮ ಹುಟ್ಟಿರ್ಲಿಲ್ಲ ಅಲ್ದಾ?" ಎಂದು ಅವನು ನಕ್ಕ. ಹಾಡುಗಳು ಇಪ್ಪತ್ತೆರಡೂ ಇದ್ದವು. ಮನೆಗೆ ಬಂದವನೇ, ಕರೆಂಟನ್ನೂ ಡಿಸ್ಕನ್ನೂ ನಂಬದೆ, ನೋಟ್‌ಬುಕ್ಕಿಗೆ ಇಳಿಸು ಎಂದು ಅವನನ್ನು ಕೂರಿಸಿದೆ.

ಮೂರನೇ ದಿನ ಕೂಗಿದ. ಕೊನೆಯ ಹಾಡು ಅರ್ಧ ಸಾಲಿಗೆ ನಿಂತಿದೆ.

ಬೈಂದೂರಿನಲ್ಲಿರುವ ಅವಳ ತಂಗಿಗೆ ಫೋನ್ ಮಾಡಿದೆ. "ಎಲ್ಲಿಗ್ ನಿಂತಿತ್ತ್ ಭಾವ? ಓದಿ ಕಾಂಬ" ಎಂದಳು. ಮೊಮ್ಮಗ ಓದಿದ. ಆ ಕಡೆಯಿಂದ ಅವಳು ಅಲ್ಲಿಂದಲೇ ಎತ್ತಿಕೊಂಡಳು, ರಾಗ ಸಮೇತ. ಎರಡು ನುಡಿ ಆಗುವಷ್ಟರಲ್ಲಿ ರೇಂಜು ಹೋಯಿತು.

ಭಾನುವಾರ ಬೈಂದೂರಿಗೆ ಹೋಗುತ್ತಿದ್ದೇವೆ. ನೋಟ್‌ಬುಕ್ಕು ಅವನ ಚೀಲದಲ್ಲಿದೆ.